ಅಕ್ಕಣಿ ಆರಿಸಿದ ದೀಪ

ಬಹಳ ಹಿಂದೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಂದು ಕುದ್ರು ಇತ್ತಂತೆ. ಸುತ್ತಲೂ ನೀರು, ನಡುವೆ ಮೀನುಗಾರರ ಮನೆಗಳು. ದಡದಿಂದ ಕರೆಂಟಿನ ತಂತಿ ಅಲ್ಲಿಗೆ ಬಂದಿರಲಿಲ್ಲ. ಗಾಳಿಗೆ ತಿರುಗುವ ಒಂದು ಯಂತ್ರ, ಬಿಸಿಲು ಕುಡಿಯುವ ಹಲಗೆಗಳು, ಉಳಿದದ್ದನ್ನು ಹಿಡಿದಿಡಲು ಕೆಲವು ಬ್ಯಾಟರಿ, ಅಷ್ಟೇ ಅವರ ಆಸ್ತಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕಣಿ ಎಂಬ ವಿಧವೆ.

ಅವಳು ಕರೆದರೆ ಗಾಳಿ ಬರುತ್ತಿತ್ತು ಅನ್ನುತ್ತಾರೆ. ಅದೆಲ್ಲ ಬುರುಡೆ. ಅವಳ ಮಾತು ಕೇಳಿದ್ದು ಗಾಳಿಯಲ್ಲ, ಜನ. ಗಾಳಿ ಎದ್ದರೆ ಗಂಟೆ ಬಾರಿಸುತ್ತಿದ್ದಳಂತೆ. ಆಗ ಮಂಜುಗಡ್ಡೆ ಯಂತ್ರ ಓಡಬೇಕು, ಪಂಪು ನೀರೆತ್ತಬೇಕು, ಅಕ್ಕಿ ರುಬ್ಬಬೇಕು. ಗಾಳಿ ಬಿದ್ದರೆ ಎಲ್ಲವೂ ತೆಪ್ಪಗಿರಬೇಕು, ಹಿಟ್ಟು ಅರ್ಧವೇ ಆಗಿದ್ದರೂ ಸರಿ. ಜನ ಬೈದುಕೊಂಡೇ ಕೇಳುತ್ತಿದ್ದರಂತೆ.

ಆದರೆ ಒಂದು ತಪ್ಪಾಗಿತ್ತು. ಅಳಿವೆಯಲ್ಲಿ ದೋಣಿಗಳಿಗೆ ದಾರಿ ತೋರುವ ಎತ್ತರದ ದೀಪವನ್ನು, ತಂತಿಯ ಖರ್ಚು ಉಳಿಯಲಿ ಎಂದು, ಮನೆಗಳ ತಂತಿಗೇ ಜೋಡಿಸಿದ್ದರು. ಮನೆಗಳ ಕರೆಂಟನ್ನು ಒಟ್ಟಿಗೆ ತೆಗೆದರೆ ಆ ದೀಪವೂ ಹೋಗುತ್ತಿತ್ತು.

ಒಂದು ದಿನ ಬೆಳಗಿನಿಂದ ಮೋಡ, ಸಂಜೆಗೆ ಬಿರುಗಾಳಿ. ರೆಕ್ಕೆ ಮುರಿದೀತೆಂದು ಅಕ್ಕಣಿ ಗಾಳಿಯಂತ್ರವನ್ನೇ ಕಟ್ಟಿಹಾಕಿದಳು. ಉಳಿದದ್ದು ಬ್ಯಾಟರಿಯ ತಳದಲ್ಲಿದ್ದಷ್ಟು. ದೋಣಿಗಳೆಲ್ಲ ಹೊರಗೆ ಕಡಲಲ್ಲಿ, ಅವಳ ಒಬ್ಬನೇ ಮಗ ನಾಗುವಿನ ದೋಣಿಯೂ. ಗಂಡಸರು ಹೀಗೆ ಸಿಕ್ಕಿಬಿದ್ದರೆ ಹೆಂಗಸರು ಮನೆಯ ದೀಪಗಳನ್ನೆಲ್ಲ ಹಚ್ಚಿ, ಕಡಲ ಕಡೆಯ ಬಾಗಿಲು ತೆರೆದಿಡುವುದು ಅಲ್ಲಿಯ ಪದ್ಧತಿ. ಚಿಮಣಿ ದೀಪದ ಕಾಲದಿಂದ ಬಂದದ್ದು. ಅಂದೂ ಹಾಗೇ ಮಾಡಿದರು. ಅಳಿವೆಯ ದೀಪ ಮಂಕಾಗುತ್ತ ಬಂತು.

ಅಕ್ಕಣಿ ಮೊದಲು ತನ್ನ ಮನೆಯ ದೀಪ ಆರಿಸಿದಳಂತೆ. ಆಮೇಲೆ ಮಳೆಯಲ್ಲೇ ಮನೆಯಿಂದ ಮನೆಗೆ ಓಡಿದಳು. ಕೆಲವರು ಅತ್ತರು, ಕೆಲವರು ಶಾಪ ಹಾಕಿದರು, ಆದರೂ ಆರಿಸಿದರು. ಕೊನೆಯ ಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಪಾರು ಸ್ವಿಚ್ಚಿಗೆ ಅಡ್ಡ ನಿಂತಳು.

"ನಮ್ಮನಿ ದೀಪ ಕಂಡ್ರೇ ಅವ್ರ್ ಬಪ್ಪುದ್, ಅಕ್ಕಾ. ನಾನ್ ಆರ್ಸುದಿಲ್ಲ."

"ನನ್ ಮಗನೂ ಈಗ ಅಲ್ಲೇ ಇದ್ದ, ಹೆಣ್ಣೇ," ಅಂದಳಂತೆ ಅಕ್ಕಣಿ. "ನಾನ್ ಆರ್ಸಿಯೇ ಬಂದದ್ದ್."

ಕೈ ಹಿಡಿದು ಎಳೆಯಲಿಲ್ಲ, ಗದರಲಿಲ್ಲ. ಒದ್ದೆ ಸೀರೆಯಲ್ಲೇ ಹೊಸ್ತಿಲ ಮೇಲೆ ಕೂತಳು. ಅತ್ತ ಅಳಿವೆಯ ದೀಪ ಇನ್ನೇನು ಹೋಗುವ ಹಾಗಿತ್ತು. ಪಾರು ಅದನ್ನು ನೋಡಿದಳು, ಇವಳ ಮುಖ ನೋಡಿದಳು. ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಒತ್ತಿದಳಂತೆ. ಅಳಿವೆಯ ದೀಪ ಬೆಳ್ಳಗೆ ಎದ್ದಿತು.

ದೋಣಿಗಳು ಒಂದೊಂದಾಗಿ ಒಳಗೆ ಬಂದವು. ಪಾರುವಿನ ಗಂಡ ಬಂದ. ನಾಗು ಬರಲಿಲ್ಲ. ಅವನು ಮನೆಯ ದೀಪ ಹುಡುಕುತ್ತ ದಾರಿ ತಪ್ಪಿದ ಎಂದು ಕೆಲವರು ಆಡಿಕೊಂಡರು. ಬಾಯಿಗೆ ಬಂದದ್ದು ಆಡುವವರು ಎಲ್ಲ ಊರಲ್ಲೂ ಇರುತ್ತಾರೆ. ಅಕ್ಕಣಿ ಮಾತ್ರ ಬದುಕಿರುವವರೆಗೆ ಗಂಟೆ ಬಾರಿಸಿದಳಂತೆ.

ಈಗಲೂ ಆ ಕುದ್ರುವಿನಲ್ಲಿ ಬಿರುಗಾಳಿ ಎದ್ದರೆ ಯಾರೂ ಹೇಳಬೇಕಾಗಿಲ್ಲ. ಯಾರ ಮನೆಯ ಗಂಡಸು ಕಡಲಲ್ಲಿದ್ದಾನೋ ಆ ಮನೆಯೇ ಮೊದಲು ಕತ್ತಲಾಗುತ್ತದೆ. ಅಕ್ಕಣಿಯ ಮನೆಯಲ್ಲಿ ಈಗ ಯಾರೂ ಇಲ್ಲ. ಅಲ್ಲಿ ಮಾತ್ರ, ಕಡಲ ಕಡೆಯ ಬಾಗಿಲಲ್ಲಿ, ನಾಗುವಿಗೆಂದು ಊರವರು ಹಚ್ಚಿಟ್ಟ ಒಂದು ಸಣ್ಣ ಬಲ್ಬು ಬೆಳಗಿನವರೆಗೆ ಉರಿಯುತ್ತದೆ. ಅದನ್ನು ಆರಿಸು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲವಂತೆ.