ದೇವರ ಮನೆಯಲ್ಲಿ ಅಳೆದ ಎತ್ತರ

ಸಾಹುಕಾರ ಮರಿಬಸಪ್ಪನವರ ಪೇಟ ಒಂದು ಗೇಣು ಎತ್ತರ. ಹಗಲೆಲ್ಲ ಅದು ತಲೆಯ ಮೇಲೇ. ಒಂದು ದಿನ ಅಡುಗೆಯವನನ್ನು ಕರೆದು ಗದರಿದರು: "ಮಗನಿಗೆ ಹದಿನಾರು ತುಂಬಿತು, ಇನ್ನೂ ನನ್ನ ಎತ್ತರಕ್ಕೆ ಬಂದಿಲ್ಲ. ಏನು ತಿನ್ನಿಸ್ತಿದ್ದೀಯೋ? ಗೌರಿ ಹಬ್ಬದೊಳಗೆ ನನ್ನ ಸಮಕ್ಕೆ ಬೆಳೆಸು, ಇಲ್ಲ ಗಂಟುಮೂಟೆ ಕಟ್ಟು!"

ಹಬ್ಬ ಬಂತು. ಅಡುಗೆಯವನು ಕೈಮುಗಿದ. "ದೇವರ ಮನೆಯಲ್ಲೇ ಅಳೆದು ನೋಡಿ, ಬುದ್ಧಿ. ಆಮೇಲೆ ನಾನು ಮೋಸ ಮಾಡಿದೆ ಅನ್ನಬಾರದು."

ದೇವರ ಮುಂದೆ ಪೇಟ ಇಟ್ಟುಕೊಳ್ಳುವಂತಿಲ್ಲ. ಸಾಹುಕಾರರು ಅದನ್ನು ತೆಗೆದಿಟ್ಟು ಒಳಗೆ ಹೋಗಿ ಮಗನ ಪಕ್ಕ ನಿಂತರು. ಮಗನೇ ಎರಡು ಬೆರಳು ಎತ್ತರ!

"ಎಲಾ ಇವನ! ಏನು ತಿನ್ನಿಸಿದೆಯೋ?"

"ದಿನಾ ತಿನ್ನೋ ಮುದ್ದೆನೇ, ಬುದ್ಧಿ. ಬೆಳೆಯೋ ವಯಸ್ಸು, ಇನ್ನೂ ಬೆಳೀತಾರೆ. ನಾನು ನಿಮ್ಮ ಪೇಟ ತೆಗೆಸಿದೆ, ಅಷ್ಟೇ."

ಅಂದಿನಿಂದ ಮಗ ಹೊರಗೆ ಬಂದ ಮೇಲೇ ಸಾಹುಕಾರರು ದೇವರ ಮನೆಗೆ ಕಾಲಿಡುತ್ತಾರೆ.