ಹವಳದ ಬುಡ

ಫಿಲೋಮಿನಾ ಬಾಯಿಯ ಗಾಜಿನ ತೊಟ್ಟಿಗೆ ಮುರಿದ ಹವಳವೊಂದು ಬಂತು. ನೀರಿನ ಸೆಳೆತಕ್ಕೆ ಅದು ಉರುಳಾಡುವುದನ್ನು ನೋಡಲಾರದೆ ಅಲ್ಲೇ ಇದ್ದ ಬಸವನಹುಳು ತನ್ನ ಚಿಪ್ಪನ್ನೇ ಒಡ್ಡಿತು. "ಒರಗಿಕೋ ತಂಗೀ. ಗಾಯ ಮಾಯುವವರೆಗೆ ನಾನು ಕದಲುವುದಿಲ್ಲ."

"ನಿಮ್ಮ ಉಪಕಾರ ಸಾಯುವವರೆಗೂ ಮರೆಯಲಾರೆ, ಅಣ್ಣಾ."

ಹವಳ ಚಿಪ್ಪಿಗೆ ಕಚ್ಚಿಕೊಂಡು ಬೆಳೆಯಿತು. ಹಸಿವು ತಾಳಲಾರದೆ ಹುಳು ಕೇಳಿತು: "ಇನ್ನು ಹೊರಡಲೇ?"

"ಗಾಯ ಇನ್ನೂ ಹಸಿ, ಅಣ್ಣಾ. ಎರಡೇ ದಿನ."

ಆ ಎರಡು ದಿನ ಕಳೆದು ಮತ್ತೆಷ್ಟೋ ದಿನ ಕಳೆದವು. ಒಂದು ಬೆಳಿಗ್ಗೆ ಹುಳು ತಲೆ ಹೊರಚಾಚಲು ಹೋದರೆ ಚಿಪ್ಪಿನ ಬಾಯಿಯೇ ಮುಚ್ಚಿಹೋಗಿತ್ತು.

"ಅಬ್ಬಾ, ಎಷ್ಟು ಚೆಂದ ಚಿಗುರಿದೆ!" ಎಂದು ಹೊರಗೆ ಫಿಲೋಮಿನಾ ಬಾಯಿ ಹಿಗ್ಗುತ್ತಿದ್ದರು.

ಹುಳು ಒಳಗಿನಿಂದ ಕೂಗಿತು: "ತಂಗೀ, ದಾರಿ ಬಿಡು!"

"ಯಾರದು ಕೂಗುತ್ತಿರುವುದು?" ಎಂದಿತು ಹವಳ. "ನನ್ನ ಬುಡದಲ್ಲಿ ಇರುವುದು ಒಂದು ಕಲ್ಲು ಮಾತ್ರ."