ರೇವಣ್ಣ ಹಾರೋ ಸೈಕಲ್ಲು ತಂದದ್ದು

ನಗೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಕೂತ್ಕೊಳ್ಳಿ. ಸಿದ್ದಮ್ಮನಿಗೆ ಒಬ್ಬನೇ ಮಗ, ರೇವಣ್ಣ. ಆಳು ಬಾಗಿಲೆತ್ತರ, ಬುದ್ಧಿ ಹೊಸಿಲೆತ್ತರ. ಬೇರೆ ತಾಯಂದಿರು ಹೇಳಿದ ಮಾತು ಮಗ ಕೇಳಲ್ಲ ಅಂತ ಅಳ್ತಾರೆ. ಸಿದ್ದಮ್ಮ ಮಾತ್ರ, "ಹೇಳಿದ್ದನ್ನ ಹೇಳಿದಂಗೇ ಮಾಡ್ತಾನಲ್ಲಪ್ಪಾ ಶಿವನೇ!" ಅಂತ ಅಳೋಳು.

ಅವಳ ಮಗಳ ಮಗಳು ಇಂಚರ, ಒಂಬತ್ತು ವರ್ಷದ ಕೂಸು, ರಜಕ್ಕೆ ಬಂದಿದ್ಲು. ಆಗ ಹೈಸ್ಕೂಲು ಮೈದಾನದಲ್ಲಿ ಮಣ್ಣಿನ ದಿಬ್ಬ ಕಟ್ಟಿ, ಮಕ್ಕಳಿಗೆ ಸೈಕಲ್ಲು ಹಾರಿಸೋದು ಕಲಿಸ್ತಿದ್ರು. ಆ ಸೈಕಲ್ಲಿಗೆ ಬಿಎಂಎಕ್ಸ್ ಅಂತ ಹೆಸರು. "ಭಾನುವಾರಕ್ಕೆ ಸೈಕಲ್ಲು ತಂದ್ರೆ ಸೇರಿಸ್ಕೋತೀನಿ, ಇಲ್ಲಾಂದ್ರೆ ಇಲ್ಲ" ಅಂದುಬಿಟ್ರು ಮೇಷ್ಟ್ರು. ಕೂಸು ಊಟ ಬಿಟ್ಟು ಮೂಲೇಲಿ ಕೂತ್ಲು.

"ಅಳಬೇಡ ಕೂಸೆ, ನಿನ್ ಮಾವ ತರ್ತಾನೆ" ಅಂದ್ಲು ಸಿದ್ದಮ್ಮ. ಅಂದ ಮೇಲೆ ನಾಲಿಗೆ ಕಚ್ಕೊಂಡ್ಲು. ಆಡಿ ಆಗಿತ್ತಲ್ಲ!

"ಲೋ ರೇವಣ್ಣಾ, ಬೆಳೆಯೋ ಮಗು ಕಣೋ. ಒಂಚೂರು ದೊಡ್ಡದೇ ತಗೊಂಬಾ."

"ಆಯ್ತಮ್ಮಾ!"

ಗುರುವಾರ ಹೋದ. ಸೈಕಲ್ ಅಂಗಡಿ ನಂಜಪ್ಪ, "ಯಾರಿಗಣ್ಣಾ?" ಅಂದ.

"ಬೆಳೆಯೋ ಮಗೂಗೆ."

"ಎಷ್ಟೆತ್ತರ?"

ರೇವಣ್ಣ ಯೋಚಿಸ್ದ. ತಾನೂ ಒಂದು ಕಾಲಕ್ಕೆ ಬೆಳೆಯೋ ಮಗುವೇ ಅಲ್ವಾ! ತನ್ನ ತಲೆ ಮೇಲೆ ಕೈ ಇಟ್ಟು, "ಬೆಳೆದ್ರೆ ಇಷ್ಟು" ಅಂದ.

ಬಂತು ನೋಡಿ ಮನೆಗೆ, ಹಾಲಿನವರು ಕ್ಯಾನು ಕಟ್ಕೊಂಡು ಓಡಿಸೋ ಸೈಕಲ್ಲು! ಇಂಚರ ಹ್ಯಾಂಡಲ್ಲಿಗೆ ಜೋತುಬಿದ್ಲು, ಕಾಲು ಗಾಳೀಲಿ.

"ಅಯ್ಯೋ ನಿನ್ ಬುದ್ಧಿಗಿಷ್ಟು! ಕೂಸಿನ ಅಳತೆ ತಗೊಂಡು ಹೋಗಬಾರದೇನೋ? ಅಳತೆ!"

"ನಾಳೆ ಹಂಗೇ ಮಾಡ್ತೀನಮ್ಮಾ!"

ಶುಕ್ರವಾರ ಅದನ್ನ ವಾಪಸ್ ಕೊಡೋಕೆ ತಳ್ಕೊಂಡು ಹೋದ. ದಾರ ತಗೊಂಡು ಕೂಸಿನ ಸೊಂಟಕ್ಕೆ ಸುತ್ತಿ, ಗಂಟು ಹಾಕ್ಕೊಂಡೇ ಹೋದ. ಅಂಗಡೀಲಿದ್ದ ಒಂದೊಂದು ಚಕ್ರಕ್ಕೂ ದಾರ ಸುತ್ತಿ ನೋಡ್ದ. ದೊಡ್ಡದು! ಇದೂ ದೊಡ್ಡದು! ಕೊನೆಗೆ ಒಂದಕ್ಕೆ ದಾರ ಸರಿಯಾಗಿ ಕೂತ್ಕೊಳ್ತು.

ಏನದು? ಅಂಬೆಗಾಲು ಬಿಟ್ಟ ಕೂಸುಗಳು ತಳ್ಕೊಂಡು ಓಡಾಡೋ ಮೂರು ಗಾಲಿದು! ಇಂಚರ ಕೂತ್ರೆ ಮೊಣಕಾಲು ಕಿವಿ ಮುಟ್ತು.

"ಮಾವ, ಇದು ಹಾರಲ್ಲ, ತೆವಳುತ್ತೆ!" ಅಂತ ಕೂಸು ಮತ್ತೆ ಅತ್ತಳು.

ಸಿದ್ದಮ್ಮ ಹಣೆ ಚಚ್ಕೊಂಡ್ಲು. "ನಿಂಗ್ಯಾಕೋ ತಲೆ ಉಪಯೋಗಿಸೋ ಕೆಲಸ? ನಂಜಪ್ಪನಿಗೆ ಎಲ್ಲಾ ಗೊತ್ತು. ಅವನು ಏನಂತಾನೋ ಅಂದಂಗೆ ಮಾಡು!"

"ನಾಳೆ ಹಂಗೇ ಮಾಡ್ತೀನಮ್ಮಾ!"

ಶನಿವಾರ ಅದನ್ನೂ ವಾಪಸ್ ಹೊತ್ಕೊಂಡು ಹೋದ. ನಂಜಪ್ಪ ಈ ಸಲ ಕೂಸು ಎಲ್ಲಿ ಓಡಿಸ್ತಾಳೆ ಅಂತ ಕೇಳ್ಕೊಂಡು, ದಿಬ್ಬ ಹಾರೋ ಸೈಕಲ್ಲನ್ನೇ ತೆಗೆದ. ಪುಟ್ಟ ಚಕ್ರ, ದಪ್ಪ ಟೈರು, ತಗ್ಗಿನ ಸೀಟು. ರೇವಣ್ಣ ಸುತ್ತ ಸುತ್ತ ನೋಡ್ದ, ಬಗ್ಗಿ ಕೆಳಗಿಂದ ನೋಡ್ದ.

"ಬೆಲ್ಲೆಲ್ಲಿ?"

"ಬೇಡ."

"ಸ್ಟ್ಯಾಂಡು? ಕ್ಯಾರಿಯರು?"

"ಅವೂ ಬೇಡ. ಹೊಸದಾಗಿ ಕಲಿಯೋ ಮಗೂಗೆ ಸೈಕಲ್ಲು ಹಗುರ ಇದ್ದಷ್ಟೂ ಒಳ್ಳೇದು ರೇವಣ್ಣ. ಕೂಸೇ ಎತ್ತಂಗಿರಬೇಕು."

ಹಗುರ ಇದ್ದಷ್ಟೂ ಒಳ್ಳೇದು! ದಾರೀಲಿ ಎತ್ತಿ ನೋಡ್ದ. ಭಾರ! ಹೊಂಗೆ ಮರದ ಕೆಳಗೆ ಕೂತು, ಪಂಚರ್ ಅಂಗಡಿಯಿಂದ ಪಾನಾ ಈಸ್ಕೊಂಡು ಪೆಡಲ್ಲು ಬಿಚ್ಚಿದ. ಇನ್ನೂ ಭಾರ. ಚೈನು ಬಿಚ್ಚಿದ. ಚಕ್ರ ಬಿಚ್ಚಿದ. ಕೊನೆಗೆ ಬರೀ ಹ್ಯಾಂಡಲ್ಲು ಹಿಡ್ಕೊಂಡು, ಬಾಯಲ್ಲೇ "ಟ್ರಿಣ್ ಟ್ರಿಣ್" ಅಂತ ಮನೆಗೆ ಓಡಿ ಬಂದ.

"ಅಮ್ಮಾ, ಎತ್ತಿ ನೋಡು! ಹೂವು!"

"ಮಿಕ್ಕಿದ್ದೆಲ್ಲೋ?"

"ಮರದ ಕೆಳಗೆ. ಭಾರ ಅಲ್ವಾ!"

ಇಂಚರ ಈ ಸಲ ಅಳ್ತಾ ಕೂರಲಿಲ್ಲ. ಗೋಣಿಚೀಲ ತಗೊಂಡು ಓಡಿದ್ಲು, ಒಂದು ನಟ್ಟೂ ಬಿಡದಂಗೆ ಆರಿಸ್ಕೊಂಡ್ಲು, ನಂಜಪ್ಪನ ಎದುರಿಗೇ ಕೂತು ಅವನ ಕೈಲೇ ಜೋಡಿಸ್ಕೊಂಡ್ಲು. ಎರಡೂ ಪೆಡಲ್ಲಿನ ಮೇಲೆ ನಿಂತ್ಲು, ಬ್ರೇಕು ಒತ್ತಿದ್ಲು, ಮುಂದಿನ ಚಕ್ರ ಎತ್ತಿದ್ಲು. "ಇದೇ ನನ್ ಸೈಕಲ್ಲು!" ಅಂದ್ಲು.

ಸಿದ್ದಮ್ಮ ಮಗನಿಗೆ ಕೊನೇ ಮಾತು ಹೇಳಿದ್ಲು: "ಎಲ್ಲಾ ಬಿಟ್ಟು ಬರ್ತೀಯಲ್ಲೋ ಮುಠ್ಠಾಳ! ನಾಳೆ ಆ ದಿಬ್ಬದ ಹತ್ರ ಭಯ ಆಗ್ತದೆ. ಭಯ ಆದೋರನ್ನ ಗಟ್ಟಿಯಾಗಿ ಹಿಡ್ಕೋ. ಭಯ ಹೋಗೋವರೆಗೂ ಬಿಡಬೇಡ!"

"ಹಂಗೇ ಮಾಡ್ತೀನಮ್ಮಾ!"

ಭಾನುವಾರ ಬಂತು. ಇಂಚರ ಹೆಲ್ಮೆಟ್ಟು ಹಾಕ್ಕೊಂಡು ನಿಂತ್ಲು. ಹಿಂದಿನಿಂದ ರೇವಣ್ಣ ಸೈಕಲ್ಲು ಹಿಡ್ಕೊಂಡ. ಮೇಷ್ಟ್ರು ಸೀಟಿ ಊದಿದ್ರು. ಕೂಸು ತುಳಿದಳು, ತುಳಿದಳು, ಸೈಕಲ್ಲು ಅಲ್ಲಾಡಲಿಲ್ಲ!

"ಬಿಡು ಮಾವಾ! ನನ್ನ ಸರದಿ ಹೋಗುತ್ತೆ!"

"ಭಯ ಹೋಯ್ತಾ?"

"ನಂಗೆ ಭಯಾನೇ ಇಲ್ಲ!"

ರೇವಣ್ಣ ಬಗ್ಗಿ ಅವಳ ಮುಖ ನೋಡ್ದ. ಹೌದಲ್ಲ, ಇಲ್ಲ! ಮತ್ಯಾರಿಗೆ ಭಯ? ಸುತ್ತ ನೋಡ್ದ. ಬೇಲಿ ಹತ್ರ ಸಿದ್ದಮ್ಮ ಸೆರಗು ಬಾಯಿಗೆ ತುರುಕ್ಕೊಂಡು ಗಡಗಡ ನಡುಗ್ತಿದ್ಲು.

"ಓಹೋ!" ಅಂದ. ಸೈಕಲ್ಲು ಬಿಟ್ಟ. ಓಡಿಹೋಗಿ ತಾಯಿನ ತಬ್ಬಿ ಮೇಲೆತ್ತಿ, ಗಟ್ಟಿಯಾಗಿ ಹಿಡ್ಕೊಂಡ.

ಅತ್ತ ಕೂಸು ಸರ್ರನೆ ದಿಬ್ಬ ಹತ್ತಿದ್ಲು. ಎರಡೂ ಚಕ್ರ ನೆಲ ಬಿಟ್ಟವು. ಧಡ್! ನೆಟ್ಟಗೆ ಇಳಿದ್ಲು. ಮೈದಾನವೆಲ್ಲ ಚಪ್ಪಾಳೆ!

"ಭಯ ಹೋಯ್ತೇನಮ್ಮಾ?"

ಕೂಸಿನ ನಗು ನೋಡಿ ಸಿದ್ದಮ್ಮನ ಕಣ್ಣು ತುಂಬ್ತು. "ಹೋಯ್ತು ಕಣಪ್ಪಾ, ಹೋಯ್ತು, ಇಳಿಸು" ಅಂದ್ಲು. ಅಷ್ಟರಲ್ಲಿ ಇಂಚರ ಮತ್ತೆ ದಿಬ್ಬದ ಕಡೆ ತಿರುಗಿದ್ಲು.

"ಅಯ್ಯಯ್ಯೋ, ಇನ್ನೊಂದು ಸಲಾನಾ!"

ರೇವಣ್ಣ ಇಳಿಸ್ತಿದ್ದವನು ಮತ್ತೆ ಮೇಲೆತ್ತಿದ. ಆವತ್ತು ಕೂಸು ಹದಿನಾಲ್ಕು ಸಲ ಹಾರಿ ಹದಿನಾಲ್ಕು ಸಲ ನೆಲಕ್ಕೆ ಬಂದ್ಲು. ಸಿದ್ದಮ್ಮ ಮಾತ್ರ ಒಂದು ಸಲಾನೂ ಬರಲಿಲ್ಲ.